ಬಂದರಿನ ಮೆಟ್ಟಿಲು ಮನೆಯ ಗ್ಯಾರೇಜಲ್ಲ

ಸಮುದ್ರ ಎಲ್ಲರದು, ಧಕ್ಕೆ ಸರಕಾರದ್ದು, ದೋಣಿ ನನ್ನದು. ಎಲ್ಲಿ ಕಟ್ಟಬೇಕು, ಎಷ್ಟು ಹೊತ್ತು ಕಟ್ಟಬೇಕು ಎಂದು ಹೇಳಲು ನೀವು ಯಾರು? ಮುಂಬಯಿಯಲ್ಲಿ ಹೊಸದಾಗಿ ಮೋಟಾರು ದೋಣಿ ಕೊಂಡವರ ಬಾಯಲ್ಲಿ ಈಚೆಗೆ ಕೇಳಿಬರುವ ವಾದವಿದು. ಶನಿವಾರ ಬೆಳಿಗ್ಗೆ ಅಲಿಬಾಗಿನ ಕಡೆಗೆ, ಭಾನುವಾರ ಸಂಜೆ ಗೇಟ್‌ವೇಗೆ ವಾಪಸು. ಈ ಗುಂಪಿನಲ್ಲಿ ನಮ್ಮವರ ಮನೆಗಳ ಹುಡುಗರೂ ಸೇರಿಕೊಂಡಿರುವುದರಿಂದ ಈ ಮಾತನ್ನು ನಮ್ಮ ಪತ್ರಿಕೆಯಲ್ಲೇ ಆಡಬೇಕಾಗಿದೆ.

ದೋಣಿ ಕೊಳ್ಳುವುದಕ್ಕೆ ನಮ್ಮ ತಕರಾರೇನೂ ಇಲ್ಲ. ಕರಾವಳಿಯಿಂದ ಹಡಗು ಹತ್ತಿ ಬಂದು ಇಲ್ಲಿನ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದವರ ಮೊಮ್ಮಕ್ಕಳು ಇಂದು ಸ್ವಂತ ದೋಣಿಯಲ್ಲಿ ಹೋಗುತ್ತಾರೆಂದರೆ ಸಂತೋಷವೇ. ನಮ್ಮ ಆಕ್ಷೇಪಣೆ ಇರುವುದು ದೋಣಿಯ ಜೊತೆಗೇ ಬರುವ ಧಿಮಾಕಿನ ಬಗ್ಗೆ.

ಗೇಟ್‌ವೇಯ ಮೆಟ್ಟಿಲುಗಳನ್ನು ನೋಡಿ. ಎಲಿಫೆಂಟಾಕ್ಕೆ, ಮಾಂಡ್ವಾಕ್ಕೆ ಹೋಗುವ ಲಾಂಚುಗಳು ಒಂದರ ಹಿಂದೊಂದು ಬಂದು, ಜನರನ್ನು ಇಳಿಸಿ, ಹತ್ತಿಸಿಕೊಂಡು ಸರಿಯಬೇಕು. ಜಾಗ ಅಷ್ಟೇ. ಅಲ್ಲಿ ಒಂದು ಖಾಸಗಿ ದೋಣಿಯನ್ನು ಬಿಗಿದು, ಮಾಲೀಕರು ಚಹಾ ತಿಂಡಿಗೆಂದು ರಸ್ತೆ ದಾಟಿ ಹೋದರೆ ಮುಂದೇನು? ಲಾಂಚು ಪಕ್ಕದ ಇನ್ನೊಂದು ಲಾಂಚಿಗೆ ತಾಗಿ ನಿಲ್ಲುತ್ತದೆ. ಮುದುಕಿಯರು, ಕಂಕುಳಲ್ಲಿ ಕೂಸು ಹಿಡಿದ ತಾಯಂದಿರು ತೂಗಾಡುವ ಒಂದು ದೋಣಿಯ ಅಂಚಿನಿಂದ ಇನ್ನೊಂದರ ಅಂಚಿಗೆ ಕಾಲು ಚಾಚಬೇಕಾಗುತ್ತದೆ. ಯಾರದೋ ಇಡ್ಲಿ ಕಾಫಿಗಾಗಿ ಇನ್ನಾರದೋ ಕಾಲು ಎರಡು ದೋಣಿಗಳ ನಡುವೆ ಸಿಕ್ಕಿ ಜಜ್ಜಿಹೋಗಬೇಕೆ?

ಮೆಟ್ಟಿಲಿನ ಮರ್ಯಾದೆ ಬಹಳ ಸರಳ. ಬರುವ ಮುನ್ನವೇ ಹಗ್ಗ ಬಿಡಿಸಿ ಕೈಯಲ್ಲಿ ಹಿಡಿದಿರಬೇಕು. ಧಕ್ಕೆಗೆ ಉಜ್ಜದಂತೆ ಟಯರು ಅಥವಾ ರಬ್ಬರು ಬುರುಡೆಗಳನ್ನು ಇಳಿಬಿಟ್ಟಿರಬೇಕು. ಜನ ಇಳಿದೊಡನೆ ದೋಣಿ ಸರಿಯಬೇಕು, ಚುಕ್ಕಾಣಿ ಬಲ್ಲವನೊಬ್ಬ ದೋಣಿಯಲ್ಲೇ ಇರಬೇಕು. ಹೆಚ್ಚು ಹೊತ್ತು ನಿಲ್ಲಬೇಕಾದವರು ದೂರ ಹೋಗಿ, ದಾರಿ ಬಿಟ್ಟು, ಲಂಗರು ಹಾಕಬೇಕು. ಖಾಲಿಯಾಗಿ ತೇಲುತ್ತಿರುವ ಬೋಯಾ ಕಂಡೊಡನೆ ಹಗ್ಗ ಸಿಕ್ಕಿಸುವುದೂ ತಪ್ಪು. ಅದಕ್ಕೊಬ್ಬ ಒಡೆಯನಿದ್ದಾನೆ, ಅದರ ಕೆಳಗಿನ ಸರಪಳಿ ಇಂತಿಷ್ಟೇ ಭಾರಕ್ಕೆಂದು ಹಾಕಿದ್ದು. ಐದು ಟನ್ನಿನ ದೋಣಿಯನ್ನು ಒಂದು ಟನ್ನಿನ ಬೋಯಾಕ್ಕೆ ಕಟ್ಟಿದರೆ, ಗಾಳಿ ಎದ್ದಾಗ ಎರಡೂ ಸೇರಿ ಇನ್ನೊಬ್ಬರ ಮೇಲೆ ಬೀಳುತ್ತವೆ.

ಇದನ್ನೆಲ್ಲ ಕಲಿಯಲು ವಿಲಾಯತಿಗೆ ಹೋಗಬೇಕಾಗಿಲ್ಲ. ಜೂನ್, ಜುಲೈಗಳಲ್ಲಿ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಮಲ್ಪೆಯ ಬಂದರಿಗೆ ಹೋಗಿ ನೋಡಲಿ. ನೂರಾರು ದೋಣಿಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಹೀಗೆ ಸಾಲುಗಟ್ಟುವಾಗ ಹೊರಗಿನ ದೋಣಿ ಒಳಗಿನದಕ್ಕೆ ಮಾತ್ರ ನೇತುಬಿದ್ದರೆ ಎಲ್ಲ ಭಾರವೂ ಒಳಗಿನದರ ಹಗ್ಗದ ಮೇಲೆ ಬೀಳುತ್ತದೆ. ಆದ್ದರಿಂದ ತನ್ನದೇ ಹಗ್ಗವನ್ನು ದಡಕ್ಕೆ ಒಯ್ಯಬೇಕು. ಇನ್ನೊಬ್ಬರ ದೋಣಿಯನ್ನು ದಾಟುವಾಗ ಕೇಳಿ ದಾಟಬೇಕು, ಮೂತಿಯ ಕಡೆಯಿಂದ ದಾಟಬೇಕು. ಜನ ಕೂತು ಊಟ ಮಾಡುವ ಹಿಂಭಾಗದಿಂದಲ್ಲ. ಪರರ ಮನೆಯ ಅಡಿಗೆಕೋಣೆಯ ಮೂಲಕ ನಾವು ರಸ್ತೆಗೆ ಹೋಗುತ್ತೇವೆಯೆ?

ಆದರೆ ಊರಿನ ಅನುಭವವಷ್ಟೇ ಇಲ್ಲಿ ಸಾಲದು. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿಗೆ ಉಬ್ಬರಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗೂ ಮಿಕ್ಕಿ ವ್ಯತ್ಯಾಸ. ಮಂಗಳೂರು, ಮಲ್ಪೆಗಳಲ್ಲಿ ಅದರ ಅರ್ಧದಷ್ಟೂ ಇಲ್ಲ. ಉಬ್ಬರದಲ್ಲಿ ಧಕ್ಕೆಗೆ ಬಿಗಿಯಾಗಿ ಕಟ್ಟಿ ಊಟಕ್ಕೆ ಹೋದವನ ದೋಣಿ ಆರು ಗಂಟೆಯ ನಂತರ ಗೋಡೆಗೆ ನೇತಾಡುತ್ತಿರುತ್ತದೆ. ಇಳಿತದಲ್ಲಿ ನೀರಿನ ಆಳ ನೋಡಿ ಲಂಗರಿಗೆ ಹಗ್ಗ ಬಿಟ್ಟವನದು ಉಬ್ಬರ ಬಂದಾಗ ಲಂಗರನ್ನೇ ಎಳೆದುಕೊಂಡು ಹೊರಡುತ್ತದೆ. ತುಂಬು ಉಬ್ಬರದ ಆಳದ ಐದು ಪಟ್ಟಾದರೂ ಹಗ್ಗ ಬಿಡಬೇಕು, ಅಷ್ಟು ಹಗ್ಗದಲ್ಲಿ ದೋಣಿ ಸುತ್ತು ಹೊಡೆದರೂ ನೆರೆಯವನಿಗೆ ತಾಗದಷ್ಟು ಜಾಗ ನೋಡಿ ನಿಲ್ಲಬೇಕು.

ಇನ್ನು ವೇಗ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲಕಮಲ’ ಲಾಂಚಿಗೆ, ಎಂಜಿನಿನ ಪರೀಕ್ಷೆಯಲ್ಲಿದ್ದ ನೌಕಾದಳದ ವೇಗದೋಣಿಯೊಂದು ಹಿಡಿತ ತಪ್ಪಿ ಬಡಿದು ಹದಿನೈದು ಜನ ಸತ್ತರು. ಅದು ಹವ್ಯಾಸಿಗಳ ಆಟವಾಗಿರಲಿಲ್ಲ ಎಂಬುದು ನಮಗೂ ಗೊತ್ತು. ಕಲಿತವರ ಕೈಯಲ್ಲೇ ಇಷ್ಟಾಗುವ ನೀರಿನಲ್ಲಿ, ಎರಡು ಭಾನುವಾರ ಚುಕ್ಕಾಣಿ ಹಿಡಿದವನು ಗೆಳೆಯರ ಕೇಕೆಗೆ ಮನಸೋತು ಲಾಂಚುಗಳ ನಡುವೆ ಸುತ್ತು ಹೊಡೆಯುವುದನ್ನು ನಾವು ಶೋಕಿ ಎಂದು ಕರೆದು ಸುಮ್ಮನಿರಬೇಕೆ? ಡಿಕ್ಕಿಯೇ ಆಗಬೇಕೆಂದಿಲ್ಲ. ವೇಗದ ದೋಣಿ ಹಿಂದೆ ಬಿಟ್ಟುಹೋಗುವ ಅಲೆಯೊಂದೇ ಸಾಕು, ಮೆಟ್ಟಿಲಿನ ಬಳಿ ಹತ್ತುತ್ತಿರುವವರ ಕಾಲು ತಪ್ಪಿಸಲು, ಕೋಲಿಗಳ ಸಣ್ಣ ದೋಣಿಗೆ ನೀರು ತುಂಬಿಸಲು.

ಡಿಕ್ಕಿ ತಪ್ಪಿಸಲು ದೇಶದೇಶಗಳು ಒಪ್ಪಿದ ನಿಯಮಗಳು 1972ರಲ್ಲಿ ಆದವು, 1977ರಿಂದ ಜಾರಿಯಲ್ಲಿವೆ. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ರಸ್ತೆಯಲ್ಲಿ ಎಡಕ್ಕೆ ಹೋಗಿ ಅಭ್ಯಾಸವಾದ ನಮಗೆ ಇದನ್ನು ಕೈಗೆ ಹೊಸದಾಗಿ ಕಲಿಸಬೇಕು. ಅಡ್ಡ ಹಾಯುವಾಗ ತನ್ನ ಬಲಗಡೆ ಇರುವ ಯಂತ್ರದೋಣಿಗೆ ದಾರಿ ಬಿಡಬೇಕು. ಬಲೆ ಬಿಟ್ಟಿರುವ ಮೀನುಗಾರನಿಗೆ ಮೋಟಾರು ದೋಣಿ ದಾರಿ ಬಿಡಲೇಬೇಕು. ರಾತ್ರಿ ಬಿಳಿ ದೀಪದ ಮೇಲೆ ಕೆಂಪು ಅಥವಾ ಹಸಿರು ದೀಪ ಕಂಡರೆ ಅವನೇ. ಬಲೆ ಹರಿದುಹೋದರೆ ಬಡವನಿಗೆ ಅದು ಒಂದು ದಿನದ ನಷ್ಟವಲ್ಲ. ಕೋಲಿಗಳ ಜೊತೆಗೆ ನಮ್ಮ ಮೊಗವೀರ ಬಂಧುಗಳೂ ಇದೇ ನೀರಿನಲ್ಲಿ ದುಡಿದವರು ಎಂಬುದನ್ನು ನಮ್ಮ ಹುಡುಗರಿಗೆ ನೆನಪಿಸಬೇಕಾಗಿ ಬಂದದ್ದೇ ವಿಷಾದ.

ಇದಕ್ಕೆ ದೋಣಿಯವರು ಒಂದು ಉತ್ತರ ಕೊಡುತ್ತಾರೆ: ನಿಲ್ಲಲು ಜಾಗವೆಲ್ಲಿದೆ ಸ್ವಾಮಿ? ಈ ಮಾತಿನಲ್ಲಿ ಹುರುಳಿದೆ. ಸಾರ್ವಜನಿಕರು ಎರಡು ಗಂಟೆ ದೋಣಿ ನಿಲ್ಲಿಸಿ ಹೋಗಲು ಗೇಟ್‌ವೇ ಬಳಿ ತಕ್ಕ ಏರ್ಪಾಡು ಇಲ್ಲ. ರೇಡಿಯೊ ಕ್ಲಬ್ಬಿನ ಪಕ್ಕದ ಹೊಸ ಜೆಟ್ಟಿಯ ಬಗ್ಗೆ 2025ರಲ್ಲಿ ನ್ಯಾಯಾಲಯದವರೆಗೆ ಜಗಳ ಹೋಯಿತು. ಕಟ್ಟಬೇಕೋ ಬೇಡವೋ ಎಂಬುದರ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಕಟ್ಟಿದ ಮೇಲೆ ಯಾರು ಎಷ್ಟು ಹೊತ್ತು ನಿಲ್ಲಬೇಕು ಎಂದು ಕೇಳಿದವರ ದನಿ ನಮ್ಮ ಕಿವಿಗೆ ಬೀಳಲಿಲ್ಲ. ಆದರೆ ಜಾಗವಿಲ್ಲ ಎಂಬುದು ಲಾಂಚಿನ ಜಾಗ ಕಬಳಿಸಲು ಸನದು ಹೇಗಾಗುತ್ತದೆ? ದಾದರಿನಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ಯಾರೂ ಬಸ್‌ ಸ್ಟಾಪಿನಲ್ಲಿ ಕಾರು ಬಿಟ್ಟು ಸಿನಿಮಾಕ್ಕೆ ಹೋಗುವುದಿಲ್ಲ. ಹೋಗುವವರಿದ್ದರೆ ಪೊಲೀಸರು ಗಾಡಿ ಎತ್ತಿಕೊಂಡು ಹೋಗುತ್ತಾರೆ.

ಆದ್ದರಿಂದ ಬಂದರಿನ ಅಧಿಕಾರಿಗಳನ್ನು ನಾವು ಕೇಳುವುದಿಷ್ಟು: ಲಾಂಚಿನ ದಾರಿಯಿಂದ ದೂರ, ಅಲ್ಪಾವಧಿಗೆಂದೇ ಕೆಲವು ಬೋಯಾಗಳನ್ನು ಹಾಕಿಸಿ, ತಡೆಯುವ ಭಾರವನ್ನೂ ನಿಲ್ಲಬಹುದಾದ ಗಂಟೆಯನ್ನೂ ಅವುಗಳ ಮೇಲೆ ಬರೆಸಿ, ಮೀರಿದವರಿಂದ ದಂಡ ವಸೂಲು ಮಾಡಿ. ಮನೆಯ ಹಿರಿಯರನ್ನು ಕೇಳುವುದು ಇನ್ನೂ ಕಡಿಮೆ. ದೋಣಿ ಮಾರುವವನು ಅರ್ಧ ಗಂಟೆಯಲ್ಲಿ ವೇಗ ತೋರಿಸಿ ಕೀಲಿ ಕೊಟ್ಟುಬಿಡುತ್ತಾನೆ. ಆ ಕೀಲಿ ಮಗನ ಕೈಸೇರುವ ಮೊದಲು ಅವನು ಒಬ್ಬ ಹಳೆಯ ತಾಂಡೇಲನ ಪಕ್ಕದಲ್ಲಿ ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ಕೂತು, ಮೆಟ್ಟಿಲಿಗೆ ಅಲೆಯೇಳದಂತೆ ದೋಣಿ ತಾಗಿಸಿ ಬಿಡಿಸಿಕೊಳ್ಳುವುದನ್ನು ಕಲಿಯಲಿ. ತಾಂಡೇಲನಿಗೆ ಕೊಡುವ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ.