ಅಚ್ಚಪ್ಪ ಗೊತ್ತು, ದೇವಯ್ಯ ಗೊತ್ತೇ?

ಸೈನಿಕನ ಪಾತ್ರ ಮಾಡಿದ ನಟರಿಗೆ ನಮ್ಮಲ್ಲಿ ಬರವಿಲ್ಲ. ‘ಮುತ್ತಿನ ಹಾರ’ (1990) ನೋಡುತ್ತಾ ಬೆಳೆದ ನಮಗಂತೂ ಕೊಡವ ಸೈನಿಕ ಅಂದರೆ ಇವತ್ತಿಗೂ ವಿಷ್ಣುವರ್ಧನ್ ಅವರ ಅಚ್ಚಪ್ಪನೇ. ಆದರೆ ನಿಜವಾದ ಯುದ್ಧದಲ್ಲಿ ಹೋರಾಡಿ, ಎದೆ ತುಂಬ ಪದಕ ಪಡೆದು, ಆಮೇಲೆ ಸಿನಿಮಾ ನಟರಾದವರು ತುಂಬಾ ಅಪರೂಪ. ಅವರಲ್ಲಿ ನಾನು ಬಹಳ ಮೆಚ್ಚುವುದು ಅಮೆರಿಕದ ಆಡಿ ಮರ್ಫಿಯನ್ನು.

ಟೆಕ್ಸಾಸ್‌ನ ಬಡ ಗೇಣಿದಾರರ ಮನೆಯ ಹುಡುಗ. ಓದು ಬಿಟ್ಟು ಹತ್ತಿ ಬಿಡಿಸಲು ಹೋಗುತ್ತಿದ್ದ. ಸೇನೆಗೆ ಸೇರಲು ಹೋದಾಗ ತೀರಾ ಸಣಕಲು ಎಂದು ಮೆರೀನ್ ಪಡೆ ಅವನನ್ನು ವಾಪಸ್ ಕಳಿಸಿತು. ಕೊನೆಗೆ ಪದಾತಿ ದಳ ಸೇರಿಸಿಕೊಂಡಿತು. 1945ರ ಜನವರಿ 26ರಂದು ಫ್ರಾನ್ಸ್‌ನ ಹೋಲ್ಟ್ಸ್‌ವೀರ್ ಎಂಬ ಹಳ್ಳಿಯ ಬಳಿ ಜರ್ಮನ್ ಟ್ಯಾಂಕುಗಳು ನುಗ್ಗಿ ಬಂದವು. ತನ್ನವರನ್ನೆಲ್ಲ ಕಾಡಿನ ಕಡೆಗೆ ಹಿಂದೆ ಕಳಿಸಿದ ಮರ್ಫಿ, ಬೆಂಕಿ ಹತ್ತಿಕೊಂಡಿದ್ದ ಯುದ್ಧವಾಹನವೊಂದನ್ನು ಏರಿ, ಅದರ ಮೆಷಿನ್ ಗನ್ ಹಿಡಿದು ಸುಮಾರು ಒಂದು ಗಂಟೆ ಒಬ್ಬನೇ ಶತ್ರುಗಳನ್ನು ತಡೆದ. ಆಗಿನ್ನೂ 19 ವರ್ಷ. ಅಮೆರಿಕದ ಅತ್ಯುನ್ನತ ಶೌರ್ಯ ಪದಕ ‘ಮೆಡಲ್ ಆಫ್ ಆನರ್’ ಸಿಕ್ಕಿತು. ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಅವನ ಫೋಟೋ ನೋಡಿದ ನಟ ಜೇಮ್ಸ್ ಕ್ಯಾಗ್ನಿ ಅವನನ್ನು ಹಾಲಿವುಡ್‌ಗೆ ಕರೆಸಿಕೊಂಡರು.

1955ರಲ್ಲಿ ಬಂದ ‘ಟು ಹೆಲ್ ಅಂಡ್ ಬ್ಯಾಕ್’ ಚಿತ್ರದಲ್ಲಿ ಮರ್ಫಿ ಆಡಿ ಮರ್ಫಿಯ ಪಾತ್ರವನ್ನೇ ಮಾಡಿದರು. ಅದು ಅವರದೇ ಆತ್ಮಕಥೆ. ಸಿನಿಮಾ ಭರ್ಜರಿಯಾಗಿ ಓಡಿತು. ಆದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ದಿಂಬಿನ ಕೆಳಗೆ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡು ಮಲಗುತ್ತಿದ್ದರು. ನಿದ್ದೆ ಮಾತ್ರೆ ಚಟವಾಯಿತು. ಅದನ್ನು ಬಿಡಲು ಹೋಟೆಲ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ವಾರ ಒಬ್ಬರೇ ಕಳೆದರು. ಆಮೇಲೆ ಅದನ್ನು ಮುಚ್ಚಿಡದೆ ಬಹಿರಂಗವಾಗಿ ಹೇಳಿಕೊಂಡರು. ಕೊರಿಯಾ, ವಿಯೆಟ್ನಾಂನಿಂದ ಮರಳಿದ ಸೈನಿಕರ ಮನಸ್ಸಿಗೂ ಚಿಕಿತ್ಸೆ ಬೇಕು ಎಂದು ಒತ್ತಾಯಿಸಿದರು. ಮೆಷಿನ್ ಗನ್ ಹಿಡಿದು ನಿಂತ ಆ ಒಂದು ಗಂಟೆಗಿಂತ ಈ ಮಾತೇ ನನಗೆ ದೊಡ್ಡದಾಗಿ ಕಾಣುತ್ತದೆ. 1971ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಏನೇ ಆಗಲಿ, ತನ್ನ ಕಥೆಯನ್ನು ತನ್ನ ಹೆಸರಿನಲ್ಲಿ, ತಾನೇ ನಿಂತು ಹೇಳುವ ಅವಕಾಶ ಮರ್ಫಿಗೆ ಸಿಕ್ಕಿತು. ಆ ಅವಕಾಶ ಸಿಗದ ನಮ್ಮ ವೀರರೊಬ್ಬರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ‘ಟೈಗರ್ಸ್’ ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ದಾಳಿಗೆ ಹೊರಟವು. ಯಾರಿಗಾದರೂ ತೊಂದರೆಯಾದರೆ ಇರಲಿ ಎಂದು ಕಾಯ್ದಿರಿಸಿದ್ದ ಪೈಲಟ್ ದೇವಯ್ಯ. ಅವರ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ವಿಮಾನ. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಎಫ್-104 ಸ್ಟಾರ್‌ಫೈಟರ್. ಪೆಟ್ಟು ತಿಂದ ವಿಮಾನದಲ್ಲೇ ಕಾದಾಡಿ ಅದನ್ನು ಕೆಡವಿದರು. ಪಾಕಿಸ್ತಾನದ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ.

ಅಲ್ಲಿ ಏನಾಯಿತು ಎಂಬುದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಬರೆದ ಪುಸ್ತಕದಿಂದ ಸಂಗತಿ ಹೊರಬಿತ್ತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಅಷ್ಟು ವರ್ಷ ಮನೆಯವರು ‘ಕಾಣೆಯಾಗಿದ್ದಾರೆ’ ಎಂಬ ಒಂದು ಪದವನ್ನು ಹಿಡಿದುಕೊಂಡು ಹೇಗೆ ಬದುಕಿದರೋ!

2025ರ ಜನವರಿಯಲ್ಲಿ ಅವರ ಕಥೆಯಿಂದ ಸ್ಫೂರ್ತಿ ಪಡೆದ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ ಬಂತು. ಆ ಪಾತ್ರ ಮಾಡಿದ್ದು ಹೊಸ ನಟ ವೀರ್ ಪಹಾರಿಯಾ. ಆದರೆ ಪಾತ್ರದ ಹೆಸರು ಟಿ. ಕೃಷ್ಣ ವಿಜಯ. ಇಲ್ಲಿ ಉಪ್ಪಲ್‌ನಿಂದ ರಾಯದುರ್ಗಕ್ಕೆ ಮೆಟ್ರೋದಲ್ಲಿ ಹೋಗುವಾಗ ನಮ್ಮ ಆಫೀಸಿನ ತೆಲುಗು ಗೆಳೆಯನೊಬ್ಬ ಆ ಸಿನಿಮಾವನ್ನು ಬಾಯ್ತುಂಬ ಹೊಗಳಿದ. ‘ಅವರು ನಮ್ಮ ಕೊಡಗಿನವರು, ಹೆಸರು ದೇವಯ್ಯ’ ಅಂದೆ. ‘ಅವುನಾ? ಹಾಗಾದರೆ ವಿಜಯ ಯಾರು?’ ಎಂದು ಕೇಳಿದ. ನಾಗೋಲ್ ಕಡೆಯ ನಮ್ಮ ಕನ್ನಡದ ಮಕ್ಕಳನ್ನು ಕೇಳಿದರೂ ಇದೇ ಪ್ರಶ್ನೆ ಬಂದೀತು.

ಸಿನಿಮಾದವರಿಗೆ ಕಲ್ಪನೆ ಬೆರೆಸುವ ಸ್ವಾತಂತ್ರ್ಯ ಬೇಕು, ಒಪ್ಪೋಣ. ಹೆಸರು ಬದಲಿಸಿದರೆ ಆ ಸ್ವಾತಂತ್ರ್ಯ ಸುಲಭವಾಗಿ ಸಿಗುತ್ತದೆ. ಆದರೆ 23 ವರ್ಷ ದೇಶಕ್ಕೇ ಗೊತ್ತಿಲ್ಲದಂತೆ ಉಳಿದಿದ್ದ ಮನುಷ್ಯನ ಹೆಸರು ಕೋಟ್ಯಂತರ ಜನರಿಗೆ ತಲುಪುವ ಅವಕಾಶ ಮತ್ತೊಮ್ಮೆ ತಪ್ಪಿಹೋಯಿತಲ್ಲ, ಅದು ನನ್ನ ಸಂಕಟ. ಕೊಡವರಿಗೆ ‘ಅಜ್ಜಮಾಡ’ ಎಂಬ ಮನೆತನದ ಹೆಸರು ಬರೀ ಇನಿಷಿಯಲ್ ಅಲ್ಲ. ಅದರಲ್ಲೇ ಐನ್‌ಮನೆ ಇದೆ, ಊರು ಇದೆ, ಹಿರಿಯರೆಲ್ಲ ಇದ್ದಾರೆ.

ಹಾಗಾಗಿ ಈ ಬಾರಿ ನಿಮ್ಮಲ್ಲಿ ಒಂದು ಸಣ್ಣ ಕೋರಿಕೆ. ಮನೆಯಲ್ಲಿ ಆ ಸಿನಿಮಾ ಹಾಕಿದರೆ, ಮುಗಿದ ಮೇಲೆ ಮಕ್ಕಳಿಗೆ ನಿಜವಾದ ಹೆಸರನ್ನು ಪೂರ್ತಿಯಾಗಿ ಹೇಳಿ. ರಜೆಗೆ ಕೊಡಗಿಗೆ ಹೋದವರು ರಾಜಾಸೀಟ್ ನೋಡಿ ಹಾಗೇ ಬಂದುಬಿಡಬೇಡಿ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯೂ ಇದೆ. ಐದು ನಿಮಿಷ ಅಲ್ಲಿ ಗಾಡಿ ನಿಲ್ಲಿಸಿ, ಮಕ್ಕಳಿಂದಲೇ ಆ ಹೆಸರನ್ನು ಓದಿಸಿ.