ಪೋಷಕ ಪಾತ್ರಕ್ಕೂ ಒಂದು ಹಟ ಬೇಕು

ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವ ಆಟ ಅರ್ಧ ಶತಮಾನ ದಾಟಿದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇದಕ್ಕೆ ದಾರಿ ಹಾಕಿತು. ಇಲ್ಲಿ ಆಡುವವರೆಲ್ಲ ನಾಯಕರೇ. ದಾರಿಯಲ್ಲಿ ಸಿಗುವ ಅಂಗಡಿಕಾರ, ಕಾವಲಿನವ, ಮುದುಕಿ ಇವರೆಲ್ಲರ ಮಾತನ್ನೂ ಆಟ ನಡೆಸುವವರೇ ಆಡಬೇಕು. ಇಂಥವರು ನೆನಪಿನಲ್ಲಿ ಉಳಿಯಲೆಂದು ಒಬ್ಬನಿಗೆ ಕುಂಟು, ಇನ್ನೊಬ್ಬನಿಗೆ ತೊದಲು, ಮತ್ತೊಬ್ಬನ ಹೆಗಲಿಗೆ ಗಿಳಿ ಕೊಡುವುದು ರೂಢಿ. ಆಟ ಮುಗಿದಾಗ ಗಿಳಿ ನೆನಪಿರುತ್ತದೆ, ಮನುಷ್ಯ ಮರೆತುಹೋಗಿರುತ್ತಾನೆ. ಪೋಷಕ ಪಾತ್ರ ಉಳಿಯುವುದು ನಾಯಕನ ದಾರಿಗೆ ಅಡ್ಡ ಬರುವಂಥ ಸ್ವಂತ ಬೇಡಿಕೆಯೊಂದು ಅದಕ್ಕೆ ಇದ್ದಾಗ ಮಾತ್ರ.

ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಇದು ಹೊಸ ಪಾಠವೇನಲ್ಲ. ಇಲ್ಲಿನ ಬಯಲಾಟವಾದ ದೊಡ್ಡಾಟದಲ್ಲಿ ಎಂಥ ಚಕ್ರವರ್ತಿಯೂ ರಂಗಕ್ಕೆ ಬಂದೊಡನೆ ಸಾರಥಿಯ ಪ್ರಶ್ನೆಗೆ ನಿಲ್ಲಬೇಕು: ತಾವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು? ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಸಾರಥಿ ಕೆದಕುತ್ತಾನೆ. ಉತ್ತರ ಸಿಗದೆ ಬಿಡುವುದಿಲ್ಲ. ಇನ್ನು ಬೈಲಹೊಂಗಲದ ಕತೆಯಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಸಂಗ್ಯಾನ ಆಸೆಯನ್ನು ಗಂಗಿಯ ಮನೆಗೆ ಹೊತ್ತೊಯ್ಯುವವಳು ಪಾರಮ್ಮ. ಮೇಳದಿಂದ ಮೇಳಕ್ಕೆ ಅವಳ ಸೀರೆ, ನಡಿಗೆ, ದನಿ ಬದಲಾದೀತು. ಆದರೆ ಅವಳು ಆ ಮನೆಯ ಹೊಸ್ತಿಲು ದಾಟದಿದ್ದರೆ ಕತೆಯೇ ಇಲ್ಲ. ವೇಷ ಬದಲಾದರೂ ಪಾತ್ರ ಉಳಿದಿರುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನರಗುಂದದ ಚರಿತ್ರೆಯನ್ನೇ ಆಟಕ್ಕೆ ತಂದು ನೋಡಬಹುದು. ದತ್ತಕಕ್ಕೆ ಬ್ರಿಟಿಷರ ಒಪ್ಪಿಗೆ ಸಿಗದೆ, ಆಯುಧ ಒಪ್ಪಿಸಬೇಕೆಂಬ ಆಜ್ಞೆಗೆ ಕುದಿದ ಅಲ್ಲಿನ ಅರಸ ಬಾಬಾಸಾಹೇಬ ಭಾವೆ 1858ರ ಮೇ ತಿಂಗಳಲ್ಲಿ ಬಂಡೆದ್ದ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದಾಗ ಹತನಾದ. ಜೂನ್‌ನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆಟಗಾರರು ಅವನ ಸವಾರರು ಎಂದುಕೊಳ್ಳಿ. ಸುರೇಬಾನದ ದಾರಿಯಲ್ಲಿ ಕುದುರೆಯ ಲಾಳ ಕಳಚಿದೆ, ಹಳ್ಳಿಯೊಂದರ ಕಮ್ಮಾರನನ್ನು ಎಬ್ಬಿಸಬೇಕು. ಈ ಕಲ್ಪಿತ ಕಮ್ಮಾರನಿಗೆ ಬರೀ ಮೆಳ್ಳಗಣ್ಣು ಕೊಟ್ಟರೆ ಲಾಳ ಬಡಿದು ಮತ್ತೆ ಮಲಗುತ್ತಾನೆ. ಬದಲಿಗೆ, ಊರವರು ಬಚ್ಚಿಡಲು ಕೊಟ್ಟ ಕತ್ತಿಗಳು ಅವನ ಕುಲುಮೆಯ ಬೂದಿಯಡಿ ಇವೆ ಎನ್ನಿ. ಬೆಳಗಾಗುವುದರೊಳಗೆ ಅವನ್ನು ಊರಾಚೆ ಸಾಗಿಸಿದರಷ್ಟೇ ಸುತ್ತಿಗೆ ಎತ್ತುತ್ತೇನೆ ಎಂಬುದು ಅವನ ಹಟ. ಸವಾರರಿಗೆ ಹೊತ್ತಿಲ್ಲ, ಅವನಿಗೆ ಬೇರೆ ಗತಿಯಿಲ್ಲ. ಈಗ ಅವನ ಕಣ್ಣು ಹೇಗಿದ್ದರೇನು?

ಇಷ್ಟು ಹಟವಾದಿಗಳು ತುಂಬಿಕೊಂಡರೆ ಆಡುವವರೇ ಪ್ರೇಕ್ಷಕರಾಗುತ್ತಾರೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಸಾರಥಿ ಕೆದಕಿದಷ್ಟೂ ಬೆಳೆಯುವುದು ರಾಜನ ಮಾತು. ಕಮ್ಮಾರ ಕೇಳುತ್ತಾನೆ ಅಷ್ಟೆ, ತೀರ್ಮಾನ ಸವಾರರದು. ಪೋಷಕ ಪಾತ್ರ ತಾನೇ ತೀರ್ಮಾನಿಸತೊಡಗಿದರೆ ತಪ್ಪು ನಡೆಸುವವರದು. ಆಟ ಎತ್ತ ಹೊರಳೀತೆಂದು ಗೊತ್ತಿಲ್ಲದಿರುವಾಗ ಎಲ್ಲರಿಗೂ ಪೂರ್ವಕತೆ ಬರೆದಿಡುವುದು ಹೇಗೆ ಎಂಬುದು ಇನ್ನೊಂದು ತಕರಾರು. ಬರೆಯುವುದೇ ಬೇಡ. ಟಿಪ್ಪುವಿಗೂ ಮರಾಠರಿಗೂ ಗಜೇಂದ್ರಗಡದಲ್ಲಿ ಒಪ್ಪಂದವಾದ 1787ನ್ನು ಆಡುವುದಾದರೆ, ದಂಡು ಊರು ಬಿಡುವ ಮೊದಲೇ ಬಾಕಿ ವಸೂಲಿ ಮಾಡಲೇಬೇಕೆನ್ನುವ ಒಬ್ಬ ನೇಕಾರ ಸಾಕು. ಅವನ ಬಗ್ಗೆ ಆ ಒಂದು ಸಾಲಿದ್ದರೆ ಸಾಕು. ಬರೀ ದಾರಿ ತೋರಿಸಿ ಹೋಗುವವನಿಗೆ ಅದೂ ಬೇಡ. ಅವನನ್ನು ಮರೆತರೆ ನಷ್ಟವಿಲ್ಲ.

ಪರೀಕ್ಷೆ ಸುಲಭ. ಪಾತ್ರದ ಹೆಸರು, ದನಿ, ವೇಷ ಮೂರನ್ನೂ ತೆಗೆದುಹಾಕಿ. ಅದರ ಬೇಡಿಕೆಗೆ ಒಪ್ಪಬೇಕೋ ಬೇಡವೋ ಎಂದು ಆಟಗಾರರು ಆಮೇಲೂ ಜಗಳಾಡಿದರೆ ಅದು ಪಾತ್ರ, ಇಲ್ಲವಾದರೆ ಸಾಮಗ್ರಿ.