ಸುಸ್ತಿದಾರನಿಗಿಲ್ಲದ ಗುಟ್ಟು

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಹಾಕಿದ್ದ ಅರ್ಜಿಗೆ ಈ ವಾರ ಉತ್ತರ ಬಂತು. ನಾನು ಕೇಳಿದ್ದು ದೊಡ್ಡದೇನಲ್ಲ. ಒಂದು ಹೋಬಳಿಯಲ್ಲಿ ಮೂರು ವರ್ಷಗಳಿಂದ ಸಬ್ಸಿಡಿಯ ಟಾರ್ಪಾಲು, ಸ್ಪ್ರಿಂಕ್ಲರ್ ಪೈಪು, ಪವರ್ ಟಿಲ್ಲರ್ ಯಾರ್ಯಾರಿಗೆ ಸಿಕ್ಕಿವೆ? ಉತ್ತರ ಒಂದೇ ಸಾಲು: ‘ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಗೆ ಸಂಬಂಧಿಸಿದ ವೈಯಕ್ತಿಕ ಮಾಹಿತಿಯಾಗಿರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ.’ ಕೆಳಗೆ ದುಂಡನೆಯ ಮೊಹರು. ಸಹಿ ಓದಲು ಬರುವುದಿಲ್ಲ; ಅದೂ ವೈಯಕ್ತಿಕವೇ ಇರಬೇಕು.

ಬೆಲೆಯ ಶೇ 90ರವರೆಗೆ ಸರ್ಕಾರವೇ ಭರಿಸುವ ಪೈಪು ಅದ್ಯಾವಾಗ ವೈಯಕ್ತಿಕವಾಯಿತು? ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಿ ಎನ್ನುತ್ತದೆ 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ತಿದ್ದಿದ್ದು ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8ನೇ ಕಲಮನ್ನು. 4ನೆಯದು ಇದ್ದ ಹಾಗೇ ಇದೆ. ಕಚೇರಿಗಳಿಗೆ 8ರ ತಿದ್ದುಪಡಿಯೇ ಸಾಕಾಯಿತು, ಬೀರುವಿಗೆ ಬೀಗ ಬಿತ್ತು. ಈಗ ಸಬ್ಸಿಡಿ ಬೇಕೆಂದರೆ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ ಬೇಕು, ಎಲ್ಲವೂ ಕಂಪ್ಯೂಟರಿನಲ್ಲೇ ಇದೆ, ಬೆರಳೊತ್ತಿದರೆ ಪಟ್ಟಿ. ಆಧಾರ್ ನಂಬರ್, ಬ್ಯಾಂಕ್ ಖಾತೆ ಯಾರಿಗೆ ಬೇಕು ಸ್ವಾಮಿ? ಹೆಸರು, ಊರು, ಸಾಮಾನು, ಮೊತ್ತ. ನಾಲ್ಕು ಕಾಲಂ.

ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಪಡೆಯುವವರ ಪಟ್ಟಿ ಊರುವಾರು ಜಾಲತಾಣದಲ್ಲಿದೆ. ಆಕಾಶವೇನೂ ಕಳಚಿ ಬಿದ್ದಿಲ್ಲ. ಅದೇ ಯೋಜನೆಯಲ್ಲಿ 20.48 ಲಕ್ಷ ಅನರ್ಹರಿಗೆ 1,364 ಕೋಟಿ ರೂಪಾಯಿ ಹೋಗಿದೆ, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆದಾಯ ತೆರಿಗೆ ಕಟ್ಟುವವರು ಎಂದು ಹೊರಬಿದ್ದದ್ದೂ ಇಂಥದ್ದೇ ಒಂದು ಮಾಹಿತಿ ಹಕ್ಕು ಅರ್ಜಿಯಿಂದ.

ನನ್ನದು ಹಳೆಯ ನೋಟಿಸ್ ಬೋರ್ಡಿನ ಹುಚ್ಚು. ಪೋರ್ಟಲ್ ಇರಲಿ, ಪಂಚಾಯಿತಿ ಗೋಡೆಗೂ ಒಂದು ಪಟ್ಟಿ ಅಂಟಿಸಿ ಎನ್ನುವವನು ನಾನು. ಗೋಡೆಯ ಶಕ್ತಿ ಎಂಥದ್ದೆಂದು ಕಣ್ಣಾರೆ ಕಂಡಿದ್ದೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಸೊಸೈಟಿ ಬಾಗಿಲ ಪಕ್ಕ ಸುಸ್ತಿದಾರರ ಪಟ್ಟಿ ಅಂಟಿಸಿದ್ದರು. ಏಳನೆಯದು ನಮ್ಮ ಚಿಕ್ಕಪ್ಪನ ಹೆಸರು. ಜೊತೆಗೆ ತಂದೆಯ ಹೆಸರು, ಅಸಲು, ಬಡ್ಡಿ, ಎಲ್ಲ. ಮಳೆ ಕೈಕೊಟ್ಟ ವರ್ಷದ ಬೆಳೆಸಾಲ. ಚಿಕ್ಕಪ್ಪ ಅವತ್ತಿನಿಂದ ಟೀ ಅಂಗಡಿಗೆ ಕೆರೆ ಏರಿ ಸುತ್ತಿ ಹೋಗುತ್ತಿದ್ದರು. ಚಿಕ್ಕಮ್ಮ ಓಲೆ ಅಡವಿಟ್ಟು ತೀರಿಸಿದ ಮೇಲೂ ಆ ಹಾಳೆ ಬಿಸಿಲಿಗೆ ಹಳದಿಯಾಗಿ, ತಾನಾಗಿ ಉದುರುವವರೆಗೆ ಅಲ್ಲೇ ಇತ್ತು. ‘ಅದೊಂದು ಹೆಸರು ಹೊಡೆದುಹಾಕಿ ಸ್ವಾಮಿ’ ಎಂದು ಚಿಕ್ಕಮ್ಮ ಕೇಳಿದ್ದಕ್ಕೆ ಗುಮಾಸ್ತರು ಹೇಳಿದ್ದು: ‘ಸಂಘದ ದುಡ್ಡು ಅಂದ್ರೆ ಸಾರ್ವಜನಿಕರದ್ದು ಕಣಮ್ಮ, ಎಲ್ಲರಿಗೂ ಗೊತ್ತಾಗ್ಬೇಕು.’

ಗುಮಾಸ್ತರ ಮಾತು ಸರಿಯಾಗಿಯೇ ಇತ್ತು. ಅದು ಸಾಲಕ್ಕೆ ಮಾತ್ರ ಏಕೆ ಎಂಬುದಷ್ಟೇ ನನ್ನ ತಕರಾರು. ಕೊಡಬೇಕಾದವನ ಮಾನ ಗೋಡೆಯ ಮೇಲೆ, ಪಡೆದವನ ಹೆಸರು ಬೀರುವಿನೊಳಗೆ. ಇದು ಯಾವ ಸೀಮೆಯ ಖಾಸಗಿತನ?

ಮೊನ್ನೆ ಮಳೆಯಲ್ಲಿ ತಾಲ್ಲೂಕು ಪಟ್ಟಣದ ಹೊಸ ಬಡಾವಣೆಯಲ್ಲಿ ಹೋಗುತ್ತಿದ್ದೆ. ಹೊಲವಿರಲಿ, ಹಿತ್ತಿಲೂ ಇಲ್ಲದ ಮಹಡಿ ಮನೆ. ಮುಂದೆ ಬಿಳಿ ಕಾರು. ಕಾರಿಗೆ ಹೊದೆಸಿದ್ದ ಟಾರ್ಪಾಲಿನ ಮೇಲೆ ಕೃಷಿ ಇಲಾಖೆಯ ಹೆಸರು. ಒಕ್ಕಣೆಯ ರಾಗಿ ನೆನೆಯದಿರಲೆಂದು ಕೊಡುವ ಟಾರ್ಪಾಲು ಅದು. ಯಾರ ಪಹಣಿ ತೋರಿಸಿ ತಂದದ್ದೋ, ಪಟ್ಟಿ ಇದ್ದಿದ್ದರೆ ನೋಡಬಹುದಿತ್ತು. ಅಂತೂ ಮೂರನೇ ವ್ಯಕ್ತಿಯ ಕಾರು ನೆನೆಯಲಿಲ್ಲ, ಸಂತೋಷ.

ಮೇಲ್ಮನವಿ ಹಾಕಿದ್ದೇನೆ. ಈ ಸಲ ಯಾರ ಹೆಸರನ್ನೂ ಕೇಳಿಲ್ಲ. ಕಾರಿನ ನಂಬರ್ ಬರೆದು, ಇದಕ್ಕೆ ಎಷ್ಟು ಎಕರೆ ಜಮೀನಿದೆ ಎಂದಷ್ಟೇ ಕೇಳಿದ್ದೇನೆ.